ಬಟ್ಟೆ ಒಣಗಿಸುವ ಯಂತ್ರ: ಕೆಟ್ಟಾಗ ಏನು ಮಾಡಬೇಕು, ಕೆಡದಂತೆ ಹೇಗೆ ಕಾಯಬೇಕು?

ಸೋಲದೇವನಹಳ್ಳಿ (ಬೆಂಗಳೂರು): ಮಳೆಗಾಲ ಬಂತೆಂದರೆ ಹೆಸರಘಟ್ಟ ರಸ್ತೆಯ ಆಸುಪಾಸಿನ ಪಿ.ಜಿ.ಗಳು, ಬಾಡಿಗೆ ಮನೆಗಳು ಹಾಗೂ ಅಪಾರ್ಟ್‌ಮೆಂಟುಗಳ ಬಾಲ್ಕನಿಗಳಲ್ಲಿ ಒಂದೇ ನೋಟ: ಎರಡು ದಿನ ಕಳೆದರೂ ಒಣಗದೆ ತಂತಿಯ ಮೇಲೆ ಜೋತು ಬಿದ್ದ ಬಟ್ಟೆಗಳು. ಬಿಸಿಲು ಕೈಕೊಟ್ಟಾಗ ಜನ ಯಂತ್ರದತ್ತ ತಿರುಗುತ್ತಾರೆ. ಯಂತ್ರವೂ ಅದೇ ಹೊತ್ತಿಗೆ ಕೈಕೊಡುತ್ತದೆ. ವರ್ಷದ ಎಂಟು ತಿಂಗಳು ಮೂಲೆಯಲ್ಲಿ ಸುಮ್ಮನಿದ್ದು, ಜೂನ್ ಬಂದೊಡನೆ ದಿನಕ್ಕೆರಡು ಬಾರಿ ದುಡಿಯಬೇಕಾದ ಯಂತ್ರ ಮುನಿಸಿಕೊಂಡರೆ ಅಚ್ಚರಿಯೇನಿಲ್ಲ.

ಒಂದು ಕಾಲಕ್ಕೆ ಬೆಂಗಳೂರಿಗೆ ನೀರು ಕಳುಹಿಸಿದ ಊರಿದು. 1890ರ ದಶಕದಲ್ಲಿ ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದ ಕೆರೆ ನಿರ್ಮಾಣವಾದಾಗ, ಇಟ್ಟಿಗೆಯ ಕಾಲುವೆಯಲ್ಲಿ ಹರಿದು ಬಂದ ನೀರನ್ನು ಸೋಲದೇವನಹಳ್ಳಿಯಲ್ಲಿದ್ದ ಉಗಿಯಂತ್ರಗಳು ಮಲ್ಲೇಶ್ವರದ ಕಡೆಗೆ ಎತ್ತಿ ಹಾಯಿಸುತ್ತಿದ್ದವು. ಇಂದು ನಗರದ ಅಂಚಿನ ಇಂಥ ಬಡಾವಣೆಗಳ ಅನೇಕ ಮನೆಗಳು ಬೋರ್‌ವೆಲ್ ಮತ್ತು ಟ್ಯಾಂಕರ್ ನೀರನ್ನೇ ನೆಚ್ಚಿಕೊಂಡಿವೆ. ಗಡಸು ನೀರು, ಆಗಾಗ ತಗ್ಗುವ ವೋಲ್ಟೇಜ್ ಮತ್ತು ಗಾಳಿಯಾಡದ ಇಕ್ಕಟ್ಟಿನ ಯುಟಿಲಿಟಿ, ಈ ಮೂರೂ ಸೇರಿ ಡ್ರೈಯರಿನ ಆಯುಷ್ಯವನ್ನು ನಿರ್ಧರಿಸುತ್ತವೆ. ಓದುಗರ ಅನುಕೂಲಕ್ಕಾಗಿ ಈ ಯಂತ್ರಗಳ ಸಾಮಾನ್ಯ ದೋಷಗಳು, ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು ಹಾಗೂ ನಿರ್ವಹಣೆಯ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಡ್ರೈಯರ್ ಎಂದರೆ ಯಾವುದು?

ನಮ್ಮಲ್ಲಿ ಡ್ರೈಯರ್ ಎಂಬ ಒಂದೇ ಮಾತಿನಿಂದ ಬೇರೆ ಬೇರೆ ಯಂತ್ರಗಳನ್ನು ಕರೆಯುವುದು ರೂಢಿ. ದುರಸ್ತಿಗೆ ಮೊದಲು ನಿಮ್ಮ ಮನೆಯಲ್ಲಿರುವುದು ಯಾವುದೆಂದು ತಿಳಿಯಬೇಕು.

ಮೊದಲನೆಯದು ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮಷೀನಿನ ಎರಡನೇ ತೊಟ್ಟಿ, ಅಂದರೆ ಸ್ಪಿನ್ ಡ್ರೈಯರ್. ಇದು ಬಟ್ಟೆಯನ್ನು ಒಣಗಿಸುವುದಿಲ್ಲ. ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗಿಸಿ ನೀರನ್ನು ಹಿಂಡುತ್ತದೆ. ಇದರಲ್ಲಿ ಹೀಟರ್ ಇರುವುದಿಲ್ಲ.

ಎರಡನೆಯದು ಟಂಬಲ್ ಡ್ರೈಯರ್. ಬಿಸಿ ಗಾಳಿಯಲ್ಲಿ ಬಟ್ಟೆಯನ್ನು ಉರುಳಿಸಿ ಒಣಗಿಸುವ ಪ್ರತ್ಯೇಕ ಯಂತ್ರವಿದು. ಇದರಲ್ಲಿ ಮೂರು ಬಗೆ. ತೇವದ ಗಾಳಿಯನ್ನು ಕೊಳವೆಯ ಮೂಲಕ ಹೊರಗೆ ಬಿಡುವುದು ವೆಂಟೆಡ್. ಗಾಳಿಯಲ್ಲಿನ ಆವಿಯನ್ನು ತಂಪುಗೊಳಿಸಿ ನೀರಾಗಿ ತೊಟ್ಟಿಯಲ್ಲಿ ಸಂಗ್ರಹಿಸುವುದು ಕಂಡೆನ್ಸರ್. ಫ್ರಿಜ್‌ನಂತೆ ಕಂಪ್ರೆಸರ್ ಬಳಸಿ ಒಂದೇ ಶಾಖವನ್ನು ಮತ್ತೆ ಮತ್ತೆ ದುಡಿಸಿಕೊಳ್ಳುವುದು ಹೀಟ್ ಪಂಪ್.

ಮೂರನೆಯದು ಒಂದೇ ಡ್ರಮ್ಮಿನಲ್ಲಿ ಒಗೆದು ಒಣಗಿಸುವ ವಾಷರ್-ಡ್ರೈಯರ್. ಇದರಲ್ಲಿ ಒಗೆಯುವಷ್ಟು ಬಟ್ಟೆಯನ್ನು ಒಮ್ಮೆಗೇ ಒಣಗಿಸಲಾಗದು. ಒಣಗಿಸುವ ಸಾಮರ್ಥ್ಯ ಸಾಮಾನ್ಯವಾಗಿ ಮೂರನೇ ಎರಡು ಭಾಗ ಅಥವಾ ಅದಕ್ಕೂ ಕಡಿಮೆ. 'ಬಟ್ಟೆ ಒಣಗುತ್ತಿಲ್ಲ' ಎಂಬ ದೂರಿನ ಹಿಂದೆ ಅನೇಕ ವೇಳೆ ಈ ಸಂಗತಿ ತಿಳಿಯದಿರುವುದೇ ಕಾರಣವಾಗಿರುತ್ತದೆ.

ಮಲೆನಾಡು ಮತ್ತು ಕರಾವಳಿಯ ಹಳೆಯ ಮನೆಗಳಲ್ಲಿ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ, ಹಂಡೆ ಕಾಯಿಸುವ ಬೆಂಕಿಯ ಕಾವಿನಲ್ಲಿ ಬಟ್ಟೆ ಒಣಗಿಸುವ ಪದ್ಧತಿ ಇತ್ತು. ಟಂಬಲ್ ಡ್ರೈಯರ್ ಮಾಡುವುದೂ ಅದನ್ನೇ: ಕಾವು, ಗಾಳಿಯ ಓಡಾಟ ಮತ್ತು ತೇವ ಹೊರಹೋಗಲು ದಾರಿ. ಈ ಮೂರರಲ್ಲಿ ಒಂದು ತಪ್ಪಿದರೂ ಬಟ್ಟೆ ಒಣಗುವುದಿಲ್ಲ. ಬಹುತೇಕ ದೋಷಗಳನ್ನು ಈ ಒಂದು ಸೂತ್ರದಿಂದಲೇ ಪತ್ತೆ ಹಚ್ಚಬಹುದು.

ನೀರಿನ ಲೆಕ್ಕ, ಕರೆಂಟಿನ ಲೆಕ್ಕ

5 ಕೆ.ಜಿ. ಹತ್ತಿ ಬಟ್ಟೆ ಚೆನ್ನಾಗಿ ಹಿಂಡಿದ ಮೇಲೂ ಸುಮಾರು 3 ಲೀಟರ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಷ್ಟು ನೀರನ್ನು ಆವಿ ಮಾಡಲು ಯಂತ್ರದ ನಷ್ಟಗಳನ್ನು ಬಿಟ್ಟೇ ಸುಮಾರು 2 ಯೂನಿಟ್ ವಿದ್ಯುತ್ ಬೇಕು. ಸರಿಯಾಗಿ ಹಿಂಡದೆ 5 ಲೀಟರ್ ನೀರು ಉಳಿದಿದ್ದರೆ ಅದೇ ಲೆಕ್ಕ 3.3 ಯೂನಿಟ್‌ಗೆ ಏರುತ್ತದೆ. ಹಿಂಡಿ ತೆಗೆಯುವ ನೀರಿಗೆ ತಗಲುವ ವಿದ್ಯುತ್ ಅತ್ಯಲ್ಪ. ಕಾಯಿಸಿ ತೆಗೆಯುವ ನೀರಿಗೆ ತಗಲುವುದು ಅದರ ಹಲವು ಪಟ್ಟು. ಆದ್ದರಿಂದ ಡ್ರೈಯರ್ ನಿಧಾನವಾಯಿತೆಂದು ದೂರುವ ಮೊದಲು ವಾಷಿಂಗ್ ಮಷೀನಿನ ಸ್ಪಿನ್ ವೇಗವನ್ನು ನೋಡುವುದು ಲೇಸು.

ಹೀಟರ್ ಇರುವ ಸಾಮಾನ್ಯ ಡ್ರೈಯರ್ 2000ದಿಂದ 2700 ವ್ಯಾಟ್‌ವರೆಗೆ ವಿದ್ಯುತ್ ಎಳೆಯುತ್ತದೆ. ಹೀಟ್ ಪಂಪ್ ಯಂತ್ರ ಅದೇ ಕೆಲಸವನ್ನು ಸರಿಸುಮಾರು ಅರ್ಧದಷ್ಟು ವಿದ್ಯುತ್ತಿನಲ್ಲಿ ಮುಗಿಸುತ್ತದೆ, ಆದರೆ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ಣ ಬಿಲ್ಲನ್ನು ಗ್ರಾಹಕರೇ ಭರಿಸಬೇಕಾಗುತ್ತದೆ. ದಿನಕ್ಕೊಂದು ಬಾರಿ 3 ಯೂನಿಟ್ ಬಳಸುವ ಡ್ರೈಯರ್ ಒಂದೇ ತಿಂಗಳಲ್ಲಿ 90 ಯೂನಿಟ್ ನುಂಗಿಬಿಡುತ್ತದೆ.

ವೋಲ್ಟೇಜ್ ಇಳಿಕೆಯ ಪರಿಣಾಮವೂ ಕಡಿಮೆಯಲ್ಲ. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. 230 ವೋಲ್ಟ್‌ನಲ್ಲಿ 2500 ವ್ಯಾಟ್ ಕೊಡುವ ಹೀಟರ್ 190 ವೋಲ್ಟ್‌ನಲ್ಲಿ ಸುಮಾರು 1700 ವ್ಯಾಟ್ ಮಾತ್ರ ಕೊಡುತ್ತದೆ. ಸಂಜೆಯ ಹೊತ್ತು ಒಣಗದ ಬಟ್ಟೆ ಮಧ್ಯಾಹ್ನ ಸರಿಯಾಗಿ ಒಣಗುತ್ತಿದೆ ಎಂದಾದರೆ ದೋಷ ಯಂತ್ರದ್ದಲ್ಲ, ವಿದ್ಯುತ್ ಪೂರೈಕೆಯದ್ದು. ಇಂಥ ದೂರನ್ನು ಬೆಸ್ಕಾಂನ 1912 ಸಹಾಯವಾಣಿಗೆ ನೀಡಬಹುದು.

ಮುಟ್ಟುವ ಮೊದಲು

ಯಾವ ಪರೀಕ್ಷೆಗೂ ಮುನ್ನ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಹೊರಗಿಡಿ. ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು. ಹೀಟರ್ ಇರುವ ಡ್ರೈಯರಿಗೆ 16 ಆಂಪಿಯರಿನ ಪ್ರತ್ಯೇಕ ಪವರ್ ಪಾಯಿಂಟ್ ಮತ್ತು ಸರಿಯಾದ ಅರ್ಥಿಂಗ್ ಕಡ್ಡಾಯ. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಇದನ್ನು ಓಡಿಸುವಂತಿಲ್ಲ. ಪ್ಲಗ್ ಮುಟ್ಟಿದಾಗ ಕೈ ಸುಡುವಂತಿದ್ದರೆ ಅಥವಾ ಪಿನ್ ಕಪ್ಪಾಗಿದ್ದರೆ ಸಾಕೆಟ್ ಬದಲಿಸುವವರೆಗೆ ಯಂತ್ರ ಬಳಸಬೇಡಿ.

ಯಂತ್ರದ ಮೈ ಮುಟ್ಟಿದಾಗ ಸಣ್ಣಗೆ ಜುಮ್ ಎಂದರೂ ಅದನ್ನು ಉಪೇಕ್ಷಿಸಬಾರದು. ಒದ್ದೆ ನೆಲ, ಬರಿಗಾಲು, ಲೋಹದ ಯಂತ್ರ ಇವು ಮೂರೂ ಕೂಡುವ ಜಾಗ ಯುಟಿಲಿಟಿ. ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಅಳವಡಿಸಿದ್ದರೆ ಸೋರಿಕೆ ಕಂಡ ಕ್ಷಣದಲ್ಲೇ ವಿದ್ಯುತ್ ಕಡಿತವಾಗುತ್ತದೆ. ಎಂಸಿಬಿ ಇದ್ದರೆ ಸಾಕು ಎಂಬುದು ತಪ್ಪು ತಿಳಿವಳಿಕೆ. ಎಂಸಿಬಿ ಕಾಯುವುದು ತಂತಿಯನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯರನ್ನು.

ಮೋಟಾರಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲದು. ಆದ್ದರಿಂದ ಯಂತ್ರದ ಹಿಂಬದಿಯ ತಗಡು ಬಿಚ್ಚುವ ಕೆಲಸವನ್ನು ಬಲ್ಲವರಿಗೇ ಬಿಡುವುದು ಕ್ಷೇಮ.

ಸ್ಪಿನ್ ಡ್ರೈಯರಿನ ತೊಂದರೆಗಳು

ತಿರುಗುವುದೇ ಇಲ್ಲ: ಮೊದಲು ಮುಚ್ಚಳ ಸರಿಯಾಗಿ ಕೂತಿದೆಯೇ ನೋಡಿ. ಮುಚ್ಚಳದ ಕೆಳಗೆ ಒಂದು ಸುರಕ್ಷತಾ ಸ್ವಿಚ್ ಇದೆ. ಅದು ಒತ್ತದಿದ್ದರೆ ಮೋಟಾರಿಗೆ ವಿದ್ಯುತ್ ಹೋಗದು. ಸ್ವಿಚ್ ಸರಿಯಿದ್ದು, ಒಳಗಿನಿಂದ ಗುಂಯ್ ಎಂಬ ಸದ್ದು ಮಾತ್ರ ಬರುತ್ತಿದ್ದರೆ ಮೂರು ಕಾರಣಗಳಿರಬಹುದು: ತೊಟ್ಟಿಯ ಅಡಿಗೆ ಬಟ್ಟೆ ಸಿಲುಕಿರುವುದು, ಬ್ರೇಕ್ ಬಿಡದಿರುವುದು, ಕೆಪಾಸಿಟರ್ ದುರ್ಬಲವಾಗಿರುವುದು. ಪ್ಲಗ್ ಕಿತ್ತು, ಮುಚ್ಚಳ ಮುಚ್ಚಿದಾಗ ಬ್ರೇಕ್ ಬಿಡುತ್ತಿದೆಯೇ ಎಂಬುದನ್ನೂ, ತೊಟ್ಟಿಯ ಸುತ್ತಲಿನ ಸಂದಿನಲ್ಲಿ ಏನಾದರೂ ಸಿಕ್ಕಿದೆಯೇ ಎಂಬುದನ್ನೂ ಟಾರ್ಚ್ ಹಿಡಿದು ನೋಡಿ.

ಈ ವರದಿಗಾರನ ಮನೆಯ ಯಂತ್ರ ಹೀಗೆಯೇ ನಿಂತಾಗ, ನೋಡಲು ಬಂದ ಮೆಕ್ಯಾನಿಕ್ ಮೋಟಾರ್ ಸುಟ್ಟಿದೆ, ಬದಲಿಸಬೇಕು ಎಂದು ಹೇಳಿ ಹೋಗಿದ್ದರು. ಮರುದಿನ ಬಂದ ಇನ್ನೊಬ್ಬರು ತೊಟ್ಟಿಯ ಅಡಿಯಿಂದ ಎಳೆದು ತೆಗೆದದ್ದು ಒಂದು ಕರವಸ್ತ್ರ. ಸಣ್ಣ ಬಟ್ಟೆಗಳ ಮೇಲೆ ಒಳಮುಚ್ಚಳ ಇಟ್ಟು ಒತ್ತದೆ ಯಂತ್ರ ಓಡಿಸಿದ್ದೇ ಆ ತಪ್ಪಿನ ಮೂಲವಾಗಿತ್ತು. ಆ ಪ್ಲಾಸ್ಟಿಕ್ ಒಳಮುಚ್ಚಳ ಕಳೆದುಹೋಗಿದ್ದರೆ ಹೊಸದನ್ನು ಕೊಳ್ಳುವುದು ಅನಾವಶ್ಯಕ ಖರ್ಚಲ್ಲ.

ದಡಬಡ ಸದ್ದು, ಕುಲುಕಾಟ: ಬಟ್ಟೆ ಒಂದೇ ಬದಿಗೆ ಸೇರಿದೆ. ನಿಲ್ಲಿಸಿ, ಸುತ್ತಲೂ ಸಮನಾಗಿ ಹರಡಿ. ಒಂದೇ ಒಂದು ಭಾರದ ಜಮಖಾನೆ ಅಥವಾ ಜೀನ್ಸ್ ಹಾಕಿದಾಗ ಸಮತೋಲ ಕೂಡುವುದಿಲ್ಲ. ಜೊತೆಗೆ ಒಂದೆರಡು ಟವೆಲ್ ಸೇರಿಸಿ. ಸಮನಾಗಿ ತುಂಬಿದರೂ ಸದ್ದು ನಿಲ್ಲದಿದ್ದರೆ ಮೋಟಾರನ್ನು ಹೊತ್ತ ಸ್ಪ್ರಿಂಗ್ ಅಥವಾ ರಬ್ಬರ್ ಸವೆದಿರಬಹುದು.

ಮುಚ್ಚಳ ತೆರೆದರೂ ನಿಲ್ಲುವುದಿಲ್ಲ: ಇದು ಅಪಾಯದ ಸೂಚನೆ. ಮುಚ್ಚಳ ಎತ್ತಿದ ಕೆಲವೇ ಸೆಕೆಂಡುಗಳಲ್ಲಿ ತೊಟ್ಟಿ ನಿಲ್ಲಬೇಕು. ನಿಲ್ಲದಿದ್ದರೆ ಬ್ರೇಕ್ ಪಟ್ಟಿ ಸವೆದಿದೆ ಅಥವಾ ಅದರ ತಂತಿ ಸಡಿಲಾಗಿದೆ ಎಂದರ್ಥ. ತಿರುಗುವ ತೊಟ್ಟಿಗೆ ಕೈ ಹಾಕಿದರೆ ಬಟ್ಟೆ ಬೆರಳಿಗೆ ಸುತ್ತಿಕೊಂಡು ಮೂಳೆ ಮುರಿಯಬಲ್ಲದು. ಮಕ್ಕಳಿರುವ ಮನೆಯಲ್ಲಿ ಈ ದುರಸ್ತಿಯನ್ನು ಒಂದು ದಿನವೂ ಮುಂದೂಡಬಾರದು.

ಅಡಿಯಿಂದ ನೀರು ಸೋರಿಕೆ: ತೊಟ್ಟಿಯ ತಳದ ಸ್ಪಿನ್ ಸೀಲ್ ಹರಿದಿದೆ. ಹಾಗೆಯೇ ಬಿಟ್ಟರೆ ನೀರು ನೇರವಾಗಿ ಕೆಳಗಿನ ಮೋಟಾರಿನ ಮೇಲೆ ಬೀಳುತ್ತದೆ. ಅಗ್ಗದ ರಬ್ಬರ್ ಭಾಗ ಬದಲಿಸದೆ ದುಬಾರಿ ಮೋಟಾರ್ ಕಳೆದುಕೊಳ್ಳುವುದು ಇಲ್ಲಿಯೇ.

ಇಲಿಯ ಕಾಟ: ಯಂತ್ರದ ತಳ ತೆರೆದಿದ್ದರೆ ಇಲಿಗಳು ಒಳಸೇರಿ ತಂತಿ ಕಡಿಯುತ್ತವೆ. ತಳಕ್ಕೆ ಜಾಲರಿ ಅಥವಾ ತಯಾರಕರು ಕೊಡುವ ಮುಚ್ಚಳ ಹಾಕಿಸಿ. ಏಕಾಏಕಿ ಸ್ತಬ್ಧವಾದ ಯಂತ್ರದಲ್ಲಿ ಇದನ್ನೂ ಸಂಶಯಿಸಬೇಕು.

ಟಂಬಲ್ ಡ್ರೈಯರಿನ ತೊಂದರೆಗಳು

ಚಾಲೂ ಆಗುವುದಿಲ್ಲ: ಬಾಗಿಲು ಟಕ್ಕೆಂದು ಕೂತಿದೆಯೇ, ಚೈಲ್ಡ್ ಲಾಕ್ ಆನ್ ಆಗಿದೆಯೇ, ಕಂಡೆನ್ಸರ್ ಯಂತ್ರವಾದರೆ ನೀರಿನ ತೊಟ್ಟಿ ತುಂಬಿದೆಯೇ ಎಂದು ನೋಡಿ. ಅದೇ ಸಾಕೆಟ್ಟಿಗೆ ಇಸ್ತ್ರಿಪೆಟ್ಟಿಗೆ ಹಾಕಿ ವಿದ್ಯುತ್ ಬರುತ್ತಿರುವುದನ್ನು ಖಚಿತಪಡಿಸಿಕೊಳ್ಳಿ. ಎಲ್ಲವೂ ಸರಿಯಿದ್ದರೆ ಬಾಗಿಲಿನ ಸ್ವಿಚ್ ಅಥವಾ ಒಳಗಿನ ಥರ್ಮಲ್ ಫ್ಯೂಸ್ ಹೋಗಿರುವ ಸಾಧ್ಯತೆ ಇದೆ.

ಮೋಟಾರ್ ಸದ್ದು ಇದೆ, ಡ್ರಮ್ ತಿರುಗುತ್ತಿಲ್ಲ: ಡ್ರಮ್ಮನ್ನು ಸುತ್ತುವ ಬೆಲ್ಟ್ ಹರಿದಿದೆ. ಪ್ಲಗ್ ಕಿತ್ತು ಡ್ರಮ್ಮನ್ನು ಕೈಯಿಂದ ತಿರುಗಿಸಿ. ತೀರಾ ಹಗುರವಾಗಿ ತಿರುಗಿದರೆ ಬೆಲ್ಟೇ ಕಾರಣ. ಬಿಗಿಯಾಗಿದ್ದು ಮೋಟಾರ್ ಬರೀ ಗುಂಯ್ ಎಂದರೆ ಕೆಪಾಸಿಟರ್ ಅಥವಾ ಬೇರಿಂಗ್ ಪರೀಕ್ಷಿಸಬೇಕು.

ತಿರುಗುತ್ತದೆ, ಬಿಸಿಯಾಗುವುದಿಲ್ಲ: ತಣ್ಣನೆ ಗಾಳಿಯ ಪ್ರೋಗ್ರಾಂ ಆಯ್ಕೆಯಾಗಿದೆಯೇ ನೋಡಿ. ಇಲ್ಲವಾದರೆ ಅತಿಶಾಖದಿಂದ ಥರ್ಮೋಸ್ಟಾಟ್ ಅಥವಾ ಥರ್ಮಲ್ ಫ್ಯೂಸ್ ಕಡಿದುಕೊಂಡಿರುತ್ತದೆ, ಇಲ್ಲವೇ ಹೀಟರ್ ತಂತಿ ತುಂಡಾಗಿರುತ್ತದೆ. ಇಲ್ಲಿ ಒಂದು ಎಚ್ಚರಿಕೆಯ ಮಾತು. ಫ್ಯೂಸ್ ಸುಮ್ಮನೆ ಹೋಗುವುದಿಲ್ಲ. ಗಾಳಿಯ ದಾರಿ ಕಟ್ಟಿದ್ದರಿಂದ ಹೋಗಿರುತ್ತದೆ. ದಾರಿ ಬಿಡಿಸದೆ ಫ್ಯೂಸ್ ಮಾತ್ರ ಬದಲಿಸಿದರೆ ಅದೂ ಹೋಗುತ್ತದೆ. ಫ್ಯೂಸನ್ನೇ ತೆಗೆದು ತಂತಿ ನೇರ ಜೋಡಿಸುವುದಂತೂ ಮನೆಗೆ ಬೆಂಕಿಯನ್ನು ಆಹ್ವಾನಿಸಿದಂತೆ. ಮೆಕ್ಯಾನಿಕ್ ಹಾಗೆ ಮಾಡಲು ಮುಂದಾದರೆ ತಡೆಯಿರಿ.

ತುಂಬಾ ಹೊತ್ತು ಹಿಡಿಯುತ್ತದೆ: ಅತಿ ಸಾಮಾನ್ಯ ದೂರು ಇದು. ಲಿಂಟ್ ಫಿಲ್ಟರ್ ಕಟ್ಟಿರುವುದು, ಹೊರಕೊಳವೆ ಮಡಚಿರುವುದು, ಡ್ರಮ್ ತುಂಬಿ ತುಳುಕುತ್ತಿರುವುದು, ಬಟ್ಟೆ ಸರಿಯಾಗಿ ಹಿಂಡದಿರುವುದು, ಕೋಣೆಯ ಕಿಟಕಿ ಮುಚ್ಚಿರುವುದು ಎಂಬ ಅನುಕ್ರಮದಲ್ಲಿ ಒಂದೊಂದಾಗಿ ಪರೀಕ್ಷಿಸಿ. ವೆಂಟೆಡ್ ಯಂತ್ರವನ್ನು ಕೊಳವೆ ಜೋಡಿಸದೆ ಮುಚ್ಚಿದ ಯುಟಿಲಿಟಿಯಲ್ಲಿ ಓಡಿಸಿದರೆ ಬಟ್ಟೆಯಿಂದ ಹೊರಟ ಆ 3 ಲೀಟರ್ ನೀರು ಕೋಣೆಯ ಗಾಳಿಯಲ್ಲೇ ಉಳಿದು ಮತ್ತೆ ಯಂತ್ರದೊಳಕ್ಕೆ ಹೋಗುತ್ತದೆ. ಗೋಡೆಗೆ ಬೂಷ್ಟು ಹಿಡಿಯುವುದೂ ಹೀಗೆಯೇ.

ಬಟ್ಟೆ ಹಸಿಯಿರುವಾಗಲೇ ನಿಂತುಬಿಡುತ್ತದೆ: ಡ್ರಮ್ಮಿನ ಬಾಯಿಯ ಬಳಿ ಎರಡು ಲೋಹದ ಪಟ್ಟಿಗಳು ಕಾಣುತ್ತವೆ. ಇವು ತೇವ ಅಳೆಯುವ ಸೆನ್ಸರ್‌ಗಳು. ಗಡಸು ನೀರಿನ ಲವಣ ಹಾಗೂ ಫ್ಯಾಬ್ರಿಕ್ ಕಂಡಿಷನರಿನ ಪದರ ಇವುಗಳ ಮೇಲೆ ಕೂತರೆ, ಬಟ್ಟೆ ಒಣಗಿದೆ ಎಂದು ಯಂತ್ರ ತಪ್ಪು ತಿಳಿಯುತ್ತದೆ. ಮೆತ್ತನೆ ಬಟ್ಟೆಗೆ ಸ್ವಲ್ಪ ವಿನೆಗರ್ ಹಚ್ಚಿ ಒರೆಸಿ, ಆಮೇಲೆ ನೀರಿನ ಬಟ್ಟೆಯಿಂದ ಒರೆಸಿ. ಬೋರ್‌ವೆಲ್ ನೀರು ಬಳಸುವವರು ತಿಂಗಳಿಗೊಮ್ಮೆ ಹೀಗೆ ಮಾಡುವುದು ಒಳ್ಳೆಯದು. ಎರಡೇ ಬಟ್ಟೆ ಹಾಕಿದಾಗಲೂ ಸೆನ್ಸರ್ ಮೋಸ ಹೋಗುತ್ತದೆ. ಆಗ ಸಮಯ ನಿಗದಿಪಡಿಸುವ ಪ್ರೋಗ್ರಾಂ ಬಳಸಿ.

ಸದ್ದು: ನಾಣ್ಯ, ಗುಂಡಿ, ಸೇಫ್ಟಿ ಪಿನ್ ಮೊದಲ ಸಂಶಯಿತರು. ಬಹುದಿನ ನಿಂತಿದ್ದ ಯಂತ್ರ ಆರಂಭದ ಕೆಲ ನಿಮಿಷ ಟಪಟಪ ಎಂದರೆ ಗಾಬರಿ ಬೇಡ, ರೋಲರ್ ಚಪ್ಪಟೆಯಾಗಿದ್ದು ಸರಿಹೋಗುತ್ತದೆ. ನಿರಂತರ ಕಿರ್ರೆನ್ನುವ ಸದ್ದು ಬೇರಿಂಗ್ ಅಥವಾ ರೋಲರ್ ಸವೆತದ ಲಕ್ಷಣ.

ಸುಟ್ಟ ವಾಸನೆ: ತಕ್ಷಣ ವಿದ್ಯುತ್ ಕಡಿತಗೊಳಿಸಿ. ಒಳಗೆ ಹೊಗೆ ಕಂಡರೆ ಬಾಗಿಲು ತೆರೆಯಬೇಡಿ. ತೆರೆದರೆ ಗಾಳಿ ನುಗ್ಗಿ ಬೆಂಕಿ ಹೆಚ್ಚುತ್ತದೆ. ಮನೆಯವರನ್ನು ಹೊರಗೆ ಕರೆತಂದು ಅಗ್ನಿಶಾಮಕ ದಳಕ್ಕೆ 101 ಅಥವಾ 112ಕ್ಕೆ ಕರೆ ಮಾಡಿ.

ನಾರುಪುಡಿ ಎಂಬ ಕಿಡಿಮದ್ದು

ಲಿಂಟ್ ಎಂದರೆ ಬಟ್ಟೆಯಿಂದ ಉದುರುವ ನವಿರಾದ ನಾರುಪುಡಿ. ಒಣಗಿದ ಹತ್ತಿಯ ಈ ಪುಡಿಗೆ ಬೆಂಕಿ ತಗಲುವುದು ಕ್ಷಣಮಾತ್ರದ ಕೆಲಸ. ಅಮೆರಿಕದ ಅಗ್ನಿಶಾಮಕ ಆಡಳಿತ 2008ರಿಂದ 2010ರ ಅವಧಿಯ ವರದಿಯಲ್ಲಿ, ಮನೆಗಳ ಡ್ರೈಯರುಗಳಿಂದ ವರ್ಷಕ್ಕೆ ಅಂದಾಜು 2,900 ಬೆಂಕಿ ಪ್ರಕರಣಗಳು ಸಂಭವಿಸುತ್ತವೆ ಎಂದಿತ್ತು. ಯಂತ್ರವನ್ನು ಸ್ವಚ್ಛಗೊಳಿಸದಿರುವುದೇ ಪ್ರಮುಖ ಕಾರಣವೆಂದು ಅದೇ ವರದಿ ಗುರುತಿಸಿತು. 2016ರ ಆಗಸ್ಟಿನಲ್ಲಿ ಪಶ್ಚಿಮ ಲಂಡನ್ನಿನ ಶೆಫರ್ಡ್ಸ್ ಬುಷ್ ಬಡಾವಣೆಯ 18 ಅಂತಸ್ತಿನ ವಸತಿ ಕಟ್ಟಡಕ್ಕೆ ಹೊತ್ತಿದ ಬೆಂಕಿಗೆ ದೋಷಪೂರಿತ ಟಂಬಲ್ ಡ್ರೈಯರ್ ಕಾರಣವಾಗಿತ್ತು. ಬಹುಮಹಡಿ ಕಟ್ಟಡಗಳು ಏಳುತ್ತಿರುವ ನಮ್ಮ ನಗರಕ್ಕೂ ಇದರಲ್ಲಿ ಪಾಠವಿದೆ.

ಆದ್ದರಿಂದ ಪ್ರತಿ ಬಾರಿಯೂ, ಒಂದು ಬಾರಿಯೂ ತಪ್ಪದೆ, ಫಿಲ್ಟರ್ ತೆಗೆದು ಲಿಂಟ್ ಸವರಿ ಹಾಕಿ. ಫಿಲ್ಟರ್ ಹರಿದಿದ್ದರೆ ಅದಿಲ್ಲದೆ ಯಂತ್ರ ಓಡಿಸಬೇಡಿ. ಮಲಗುವಾಗ ಅಥವಾ ಮನೆಗೆ ಬೀಗ ಹಾಕಿ ಹೊರಡುವಾಗ ಡ್ರೈಯರ್ ಚಾಲೂ ಇಡಬೇಡಿ.

ನಮ್ಮ ಮನೆಗಳಿಗೆ ವಿಶೇಷವಾಗಿ ಅನ್ವಯಿಸುವ ಇನ್ನೊಂದು ಅಪಾಯ ಎಣ್ಣೆಯದು. ದೀಪಾವಳಿಯ ಎಣ್ಣೆಸ್ನಾನದ ಟವೆಲ್, ಅಡುಗೆಮನೆಯ ಮಸಿಬಟ್ಟೆ, ಮೈಗೆ ಎಣ್ಣೆ ತಿಕ್ಕಿದ ನಂತರ ಹೊದ್ದ ಹೊದಿಕೆ, ಇವು ಒಗೆದ ಮೇಲೂ ಎಣ್ಣೆ ಉಳಿಸಿಕೊಂಡಿರುತ್ತವೆ. ಅಗಸೆ, ಕುಸುಬೆ, ಸೂರ್ಯಕಾಂತಿಯಂತಹ ಎಣ್ಣೆಗಳು ಗಾಳಿಯ ಆಮ್ಲಜನಕದೊಡನೆ ಬೆರೆತು ತಾವಾಗಿಯೇ ಶಾಖ ಉತ್ಪಾದಿಸುತ್ತವೆ. ಬಿಸಿ ಬಟ್ಟೆಯನ್ನು ರಾಶಿ ಹಾಕಿದಾಗ ಆ ಶಾಖ ಹೊರಹೋಗದೆ, ಯಂತ್ರ ನಿಂತು ಗಂಟೆಗಳಾದ ಮೇಲೂ ಬೆಂಕಿ ಹೊತ್ತಬಹುದು. ಇಂಥ ಬಟ್ಟೆಗಳನ್ನು ತಂತಿಯ ಮೇಲೆಯೇ ಒಣಗಿಸಬೇಕು. ಕೊನೆಯ ತಂಪು ಗಾಳಿಯ ಹಂತ ಮುಗಿಯುವ ಮುನ್ನ ಯಂತ್ರವನ್ನು ನಡುವೆ ನಿಲ್ಲಿಸಬಾರದೆಂಬ ನಿಯಮವೂ ಇದೇ ಕಾರಣಕ್ಕೆ.

ಬಚ್ಚಲು ಅಥವಾ ಯುಟಿಲಿಟಿಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದೇ ಮುಚ್ಚಿದ ಕೋಣೆಯಲ್ಲಿ ವೆಂಟೆಡ್ ಡ್ರೈಯರ್ ಓಡಿಸಬೇಡಿ. ಡ್ರೈಯರ್ ಕೋಣೆಯ ಗಾಳಿಯನ್ನು ಹೊರದೂಡುವಾಗ ಗೀಸರಿನ ವಿಷಾನಿಲ ಒಳಕ್ಕೆ ಎಳೆಯಲ್ಪಡುವ ಅಪಾಯವಿದೆ.

ಯಾವ ಬಟ್ಟೆ ಬೇಡ?

ಮೈಸೂರು ರೇಷ್ಮೆ, ಜರಿ ಅಂಚಿನ ಸೀರೆ, ಇಳಕಲ್ ಸೀರೆ, ಉಣ್ಣೆಯ ಉಡುಪು, ರಬ್ಬರ್ ತಳದ ಕಾಲೊರಸು, ಫೋಮ್ ತುಂಬಿದ ದಿಂಬು ಇವುಗಳನ್ನು ಡ್ರೈಯರಿಗೆ ಹಾಕಬಾರದು. ಉಡುಪಿನ ಲೇಬಲ್ ನೋಡುವುದನ್ನು ರೂಢಿಸಿಕೊಳ್ಳಿ: ಚೌಕದೊಳಗೆ ವೃತ್ತವಿದ್ದರೆ ಡ್ರೈಯರಿಗೆ ಹಾಕಬಹುದು, ವೃತ್ತದಲ್ಲಿ ಒಂದು ಚುಕ್ಕೆ ಇದ್ದರೆ ಕಡಿಮೆ ಶಾಖ, ಎರಡಿದ್ದರೆ ಸಾಧಾರಣ ಶಾಖ, ಗೀಟು ಎಳೆದಿದ್ದರೆ ಹಾಕಬಾರದು.

ನಿರ್ವಹಣೆಯ ವೇಳಾಪಟ್ಟಿ

* ಪ್ರತಿ ಬಾರಿ: ಲಿಂಟ್ ಫಿಲ್ಟರ್ ಸ್ವಚ್ಛ ಮಾಡಿ. ಕಂಡೆನ್ಸರ್ ಹಾಗೂ ಹೀಟ್ ಪಂಪ್ ಯಂತ್ರಗಳ ತೊಟ್ಟಿಯ ನೀರು ಚೆಲ್ಲಿ. ಈ ನೀರಿನಲ್ಲಿ ನಾರು ಮತ್ತು ಸೋಪಿನ ಅಂಶ ಇರುವುದರಿಂದ ಯುಪಿಎಸ್ ಬ್ಯಾಟರಿಗೆ ಸಲ್ಲದು. ನೆಲ ಒರೆಸಲು ಬಳಸಬಹುದು.
* ತಿಂಗಳಿಗೊಮ್ಮೆ: ಫಿಲ್ಟರನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಸೆನ್ಸರ್ ಪಟ್ಟಿ ಒರೆಸಿ. ಬಾಗಿಲಿನ ರಬ್ಬರ್ ಪರೀಕ್ಷಿಸಿ. ಬಿಚ್ಚಬಹುದಾದ ಕಂಡೆನ್ಸರನ್ನು ನಲ್ಲಿಯಡಿ ತೊಳೆಯಿರಿ.
* ಮೂರು ತಿಂಗಳಿಗೊಮ್ಮೆ: ಹೊರಕೊಳವೆ ಕಳಚಿ ಒಳಗಿನ ಪುಡಿ ತೆಗೆಯಿರಿ. ಕೊಳವೆ ಗಿಡ್ಡವಾಗಿ, ನೇರವಾಗಿ, ಆದಷ್ಟೂ ಲೋಹದ್ದಾಗಿರಲಿ.
* ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ: ಯಂತ್ರದ ಒಳಭಾಗದ ಲಿಂಟ್ ತೆಗೆಸಿ, ಬೆಲ್ಟ್, ರೋಲರ್, ಅರ್ಥಿಂಗ್ ಪರೀಕ್ಷಿಸಿ. ಸ್ಪಿನ್ ಡ್ರೈಯರಿನ ಬ್ರೇಕ್ ಮತ್ತು ಸೀಲ್ ನೋಡಿಸಿ.

ಬಳಕೆಯಿಲ್ಲದ ತಿಂಗಳುಗಳಲ್ಲೂ ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ಓಡಿಸುವುದರಿಂದ ಒಳಗಿನ ತೇವ ಆರುತ್ತದೆ, ಇಲಿ, ಜಿರಲೆಗಳು ನೆಲೆಸುವುದೂ ತಪ್ಪುತ್ತದೆ.

ಮೆಕ್ಯಾನಿಕ್ ಬಂದಾಗ

ದೋಷವನ್ನು ಲಕ್ಷಣಗಳ ಸಮೇತ ವಿವರಿಸಿ. 'ಕೆಟ್ಟಿದೆ' ಎಂದಷ್ಟೇ ಹೇಳಬೇಡಿ. ಬಿಡಿಭಾಗ ಬದಲಿಸುವ ಮುನ್ನ ಮಲ್ಟಿಮೀಟರಿನಲ್ಲಿ ಪರೀಕ್ಷಿಸಿ ತೋರಿಸಲು ಕೇಳಿ. ತೆಗೆದ ಹಳೆಯ ಭಾಗವನ್ನು ಪಡೆದುಕೊಳ್ಳಿ, ರಸೀದಿ ಇಲ್ಲದೆ ಹಣ ಕೊಡಬೇಡಿ. ವಾರಂಟಿ ಅವಧಿಯಲ್ಲಿ ಸೇವೆ ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ದುರಸ್ತಿಗೆ ಮೀರಿದ ಯಂತ್ರವನ್ನು ಗುಜರಿಗೆ ಹಾಕುವ ಬದಲು ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಒಪ್ಪಿಸಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ವಾಷಿಂಗ್ ಮಷೀನ್ ಹಾಗೂ ಡ್ರೈಯರ್ ಎರಡೂ ಬರುತ್ತವೆ.

ಕೊನೆಯದಾಗಿ, ಬಿಸಿಲಿಗಿಂತ ಅಗ್ಗದ ಹಾಗೂ ಸುರಕ್ಷಿತ ಡ್ರೈಯರ್ ಇನ್ನೂ ಬಂದಿಲ್ಲ. ಮೋಡ ಸರಿದ ದಿನ ಬಟ್ಟೆಯನ್ನು ಮಹಡಿಯ ತಂತಿಗೆ ಹಾಕಿ. ಯಂತ್ರವನ್ನು ಮಳೆಯ ದಿನಗಳಿಗೆ ಉಳಿಸಿಕೊಳ್ಳಿ. ಆ ದಿನಗಳಲ್ಲಿ ಅದು ಕೈಕೊಡದಿರಬೇಕಾದರೆ ಫಿಲ್ಟರ್ ಸವರುವ ಎರಡು ನಿಮಿಷಕ್ಕೆ ಎಂದೂ ಬೇಸರಪಡಬೇಡಿ.